ಅರವತ್ತಮೂರು ಜನಕ್ಕೆ ಕೃತಜ್ಞತೆ

ಎಲ್ಲ ಅವಾಂತರಕ್ಕೂ ಕಾರಣ ಒಂದು ಏಣಿ. ಅದೂ ಎಂಥದ್ದು? ಎರಡು ಮೆಟ್ಟಿಲು ಮುರಿದಿದ್ದ, ಲಾಂಡ್ರಿ ಟಾಕ್ ಸಾಂಗ್‌ಚೊಲ್‌ನ ಹಳೇ ಮರದ ಏಣಿ.

ಬೂಸಾನ್ ಬಂದರು ನಗರದ ಯೊಂಗ್ದೊ ದ್ವೀಪದಲ್ಲಿ, ಹಡಗು ರಿಪೇರಿ ಕಟ್ಟೆಯ ಮೇಲ್ಗಡೆ ಗುಡ್ಡಕ್ಕೆ ಅಂಟಿಕೊಂಡಿರುವ ನಮ್ಮ ಓಣಿಯಲ್ಲಿ ಪ್ಯೋ ಇನ್ಸು ಎಂಬ ಮೂವತ್ತೊಂಬತ್ತರ ಬ್ರಹ್ಮಚಾರಿ ಬಾಡಿಗೆಗಿದ್ದ. ಓಣಿಗೆಲ್ಲ ಅವನೇ ಚಿಕ್ಕವನು. ಸಿನಿಮಾ ಮಾಡುತ್ತಿದ್ದ. ಅಂದರೆ, ಒಬ್ಬನೇ ಮಾಡಿ ಚಿತ್ರೋತ್ಸವಗಳಿಗೆ ಕಳಿಸುತ್ತಿದ್ದ, ಅವರು ಬೇಡವೆನ್ನುತ್ತಿದ್ದರು. ಏಳು ವರ್ಷ, ಏಳು ಚಿತ್ರ, ಏಳು 'ವಿಷಾದಿಸುತ್ತೇವೆ'. ನಾವೆಲ್ಲ ಅವನನ್ನು 'ಡೈರೆಕ್ಟ್ರೇ' ಎಂದು ಕರೆಯುತ್ತಿದ್ದೆವು. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ. ಯಾವಾಗ ಯಾವ ಅರ್ಧ ಎನ್ನುವುದು ಕರೆಯುವವರ ಮರ್ಜಿ.

ಈ ಸಲ ಅವನ ಅಕ್ಕ ಇನ್ಸುಕ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. "ಉತ್ಸವದ ಪುಸ್ತಕದಲ್ಲಿ ನಿರ್ದೇಶಕ ಅಂತ ನಿನ್ನ ಹೆಸರು ಅಚ್ಚಾದ್ರೆ ಸರಿ, ಇನ್ನು ನಾನು ಬಾಯಿ ಬಿಡಲ್ಲ. ಆಗ್ಲಿಲ್ವೋ, ಗಿಜಾಂಗ್‌ಗೆ ಬಂದು ನಿಮ್ಮ ಭಾವನ ಕಾರ್ಖಾನೇಲಿ ಕಡಲಪಾಚಿ ಒಣಗ್ಸು. ಅದಾದ್ರೂ ಯಾರಾದ್ರೂ ತಿಂತಾರೆ."

ಇನ್ಸುವಿನ ಎಂಟನೆಯ ಚಿತ್ರದ ಹೆಸರು 'ತುಕ್ಕು'. ಅದರಲ್ಲಿ ನಟಿಸಿದ್ದು ಅವನ ಮನೆಯೊಡತಿ, ಮಹಡಿಯ ಮೇಲಿನ ಸೊ ಮಲ್ಸುನ್ ಅಜ್ಜಿ. ವಯಸ್ಸು ಎಂಬತ್ತೊಂದು. ಮೂವತ್ತು ವರ್ಷ ಹಡಗುಗಳ ಹೊಟ್ಟೆಗೆ ಸುತ್ತಿಗೆ ಬಡಿದು ತುಕ್ಕು ಉದುರಿಸಿದ ಜೀವ. ಆ ಸದ್ದಿಗೆ ಕಿವಿ ಅರ್ಧ ಹೋಗಿತ್ತು. ಕಿವಿಯಿಂದ ಕಿತ್ತುಕೊಂಡಿದ್ದನ್ನು ದೇವರು ಗಂಟಲಿಗೆ ಸೇರಿಸಿದ್ದ. ಅವಳು ಪಿಸುಗುಟ್ಟಿದರೆ ಬಂದರಿನ ಕ್ರೇನಿನವನು ತಿರುಗಿ ನೋಡುತ್ತಿದ್ದ.

ಚಿತ್ರ ಕಳಿಸಲು ಕೊನೆಯ ದಿನ. ಸಂಜೆ ಆರಕ್ಕೆ ಗಡುವು. ಕಳಿಸುವ ಮುಂಚೆ ಒಮ್ಮೆ ಅಜ್ಜಿಗೆ ತೋರಿಸಿಬಿಡೋಣವೆಂದು ಬೆಳಿಗ್ಗೆ ಹತ್ತಕ್ಕೆ ಇನ್ಸು ಅವಳನ್ನು ಕೆಳಗೆ ಕರೆದ. ಅಜ್ಜಿ ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ ಅವನ ಕೈ ಹಿಡಿದುಕೊಂಡಳು.

"ಚೆನ್ನಾಗಿದೆ ಕಣೋ. ನನ್ನ ಸುತ್ತಿಗೆ ಸದ್ದು ಎಷ್ಟೋ ವರ್ಷ ಆದ್ಮೇಲೆ ನನಗೇ ಕೇಳಿಸ್ತು," ಎಂದು ಕಣ್ಣೊರೆಸಿಕೊಂಡಳು. ಆಮೇಲೆ, ಯಾರಿಗೂ ಕೇಳಿಸಬಾರದೆಂದು ಅವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. "ಅಲ್ಲಾ, ಕೊನೇಲಿ 'ಕೃತಜ್ಞತೆಗಳು' ಅಂತ ಹನ್ನೆರಡು ಹೆಸರು ಹಾಕಿದ್ದೀಯಲ್ಲ, ಏಣಿ ಕೊಟ್ಟ ಟಾಕ್ ಹೆಸರು ಎಲ್ಲೋ?"

ಓಣಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು.

ಐದು ನಿಮಿಷದಲ್ಲಿ ಟಾಕ್ ಬಾಗಿಲಲ್ಲಿದ್ದ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಾಗೇ ಇತ್ತು.

"ಡೈರೆಕ್ಟ್ರೇ, ನನ್ನ ಹೆಸರು ಬೇಡ ಬಿಡಿ. ನಾನ್ಯಾರು? ನಿಮಗೆ ಸದ್ದಾಗ್ಬಾರ್ದು ಅಂತ ಮೂರು ಮಧ್ಯಾಹ್ನ ಮೆಷಿನ್ ಆಫ್ ಮಾಡ್ದೆ, ಅದೇನು ದೊಡ್ಡದಲ್ಲ. ಪಾಪ, ಆ ಏಣಿ ಹೆಸರಾದ್ರೂ ಹಾಕ್ಬಹುದಿತ್ತು. ನೀವು ಹತ್ತಿ ಹತ್ತಿ ಅದರ ಎರಡು ಮೆಟ್ಲು ಹೋದ್ವು."

ಇನ್ಸು ನಾಚಿಕೆಯಿಂದ ಭೂಮಿಗಿಳಿದುಹೋದ. "ಮರೆತೇಹೋಯ್ತು ಟಾಕಣ್ಣ. ತಪ್ಪಾಯ್ತು. ಈಗ್ಲೇ ಸೇರಿಸ್ತೀನಿ."

ಅದೇ ಅವನು ಮಾಡಿದ ಎಡವಟ್ಟು. ಕಟ್ಟೆಯಲ್ಲಿ ಒಂದು ಕಲ್ಲು ಸಡಿಲಿಸಿದರೆ ಕೆರೆ ನಿಂತೀತೇ?

ಮೀನುಕಡುಬು ಮಾರುವ ಓಕ್ಬುನ್ ಅಕ್ಕ ಹಬೆಯಾಡುವ ಸಾರಿನ ಪಾತ್ರೆಯನ್ನೇ ಹೊತ್ತು ಬಂದಳು. "ನನ್ನ ಹೆಸರಿದೆ, ಸಂತೋಷ. ನಮ್ಮನೆಯವ್ರದ್ದು? ನೀನು ಓಣೀಲಿ ಶೂಟಿಂಗ್ ಮಾಡಿದ ಹನ್ನೊಂದು ದಿನ ಬಿಸಿದೆಲ್ಲ ನಿನಗೆ ಬಡಿಸ್ದೆ. ಅವರು ತಣ್ಣಗಿರೋದು ತಿಂದ್ರು. ಒಂದು ಮಾತಾಡ್ಲಿಲ್ಲ." ಗಂಡ ಅವಳ ಹಿಂದೆ ನಿಂತು ಆಗಲೂ ಒಂದು ಮಾತಾಡಲಿಲ್ಲ.

ಆಮೇಲೆ ಬಂದವರು ಒಬ್ಬರೇ ಇಬ್ಬರೇ! ಕರೆಂಟು ಹೋದಾಗ ವಯರು ಎಳೆದುಕೊಟ್ಟವನು. ಬೊಗಳುವ ನಾಯಿಯನ್ನು ಮಗಳ ಮನೆಗೆ ಸಾಗಿಸಿದವಳು. ಹಿಮ ಬಿದ್ದ ದಿನ ಮೆಟ್ಟಿಲು ಗುಡಿಸಿದ ದಂಪತಿ. ಎಲ್ಲರ ಕೈಯಲ್ಲೂ ಏನಾದರೊಂದು: ಕಿತ್ತಳೆ, ಬೇಯಿಸಿದ ಗೆಣಸು, ಒಣಮೀನು. ನಾನೂ ಹೋಗಿದ್ದೆ, ಸುಳ್ಳೇಕೆ? ಅವನ ಕ್ಯಾಮೆರಾದ ಮೇಲೆ ನಾಲ್ಕು ಸಲ ಛತ್ರಿ ಹಿಡಿದವನು ನಾನೇ. ಪಟ್ಟಿಯಲ್ಲಿ ನಲವತ್ತೊಂದನೆಯ ಹೆಸರು ನನ್ನದು.

ಇನ್ಸು ಇಲ್ಲವೆನ್ನಬಹುದಿತ್ತು. ಆದರೆ ಹೇಗೆ ಅಂದಾನು? ಬಂದವರು ಹೇಳಿದ್ದೆಲ್ಲ ನಿಜ. ಪ್ರತಿ ಹೆಸರು ಬೆರಳಚ್ಚಿಸುವಾಗಲೂ ಅವನಿಗೆ ಒಂದೊಂದು ಮಧ್ಯಾಹ್ನ ನೆನಪಾಗುತ್ತಿತ್ತು. ಒಬ್ಬನೇ ಸಿನಿಮಾ ಮಾಡಿದೆನೆಂದು ಇಷ್ಟು ದಿನ ಎದೆಯುಬ್ಬಿಸಿಕೊಂಡಿದ್ದೆನಲ್ಲ, ಇಷ್ಟು ಜನರ ಋಣದ ಮೇಲೆ ನಿಂತಿದ್ದೆನೇ ಎಂದುಕೊಂಡ. ಮೂಗು ಸೀಟಿಕೊಂಡು ಮತ್ತೆ ಬೆರಳಚ್ಚಿಸಿದ.

ಹನ್ನೆರಡಕ್ಕೆ ಓಣಿಯ ಮುಖಂಡ ಮಾ ಗಪ್ಸಿಕ್ ಕಂಕುಳಲ್ಲಿ ಮನೆಗಳ ದಫ್ತರ ಇಟ್ಟುಕೊಂಡು ಬಂದ. "ಹೀಗೆ ಬಂದವರ ಹೆಸರು ಬಂದ ಹಾಗೆ ಬರೆದ್ರೆ ನಾಳೆ ಓಣೀಲಿ ಯುದ್ಧ ಆಗುತ್ತೆ. ವಯಸ್ಸಿನ ಪ್ರಕಾರ ಹಾಕು. ಹಿರಿಯರು ಮೊದ್ಲು, ಕಿರಿಯರು ಕೊನೇಲಿ." ವಯಸ್ಸಿನ ಪ್ರಕಾರ ಎಂದದ್ದೇ ತಡ, ಒಂದೇ ವರ್ಷ ಹುಟ್ಟಿದ ಇಬ್ಬರು ಅಜ್ಜಿಯರು ತಿಂಗಳ ಲೆಕ್ಕಕ್ಕೆ ಜಗಳ ಹೂಡಿದರು. ಅದು ಹುಣ್ಣಿಮೆ ಅಮಾವಾಸ್ಯೆಯವರೆಗೂ ಹೋಗಿ, ಎರಡು ಗಂಟೆಗೆ ನಿಂತಿತು. ಪಟ್ಟಿ ಅರವತ್ತಮೂರಕ್ಕೆ ಮುಗಿಯಿತು.

ಇನ್ಸು ಎಲ್ಲರಿಗೂ ಚಿತ್ರ ಹಾಕಿ, ಕೊನೆಗೆ ಹೆಸರುಗಳನ್ನು ಸರಸರನೆ ಓಡಿಸಿ ತೋರಿಸಿದ. ಅಜ್ಜಿ ಕೋಲು ಕುಟ್ಟಿದಳು.

"ಏನೋ ಇದು, ಕಳ್ಳರು ಓಡಿಹೋದ ಹಾಗೆ? ನಮಗೆ ಕನ್ನಡಕ ಹಾಕ್ಕೊಳ್ಳೋಕೇ ಮೂರು ಸೆಕೆಂಡ್ ಬೇಕು. ಒಂದೊಂದು ಹೆಸರೂ ಮೂರು ಸೆಕೆಂಡ್ ನಿಲ್ಲಬೇಕು. ದಪ್ಪಕ್ಕೆ!"

ಇನ್ಸು ಲೆಕ್ಕ ಹಾಕಿ ತಲೆ ಮೇಲೆ ಕೈ ಹೊತ್ತು ಕೂತ. ಉತ್ಸವದ ನಿಯಮ ಬಿಗಿ: ಕಿರುಚಿತ್ರ ಹೆಸರುಗಳೂ ಸೇರಿ ಮೂವತ್ತು ನಿಮಿಷ ಮೀರಬಾರದು. ಹೆಸರುಗಳೇ ಮೂರು ನಿಮಿಷ ನುಂಗಿದವು. ಈಗ ಚಿತ್ರ ಎರಡು ನಿಮಿಷ ಹತ್ತೊಂಬತ್ತು ಸೆಕೆಂಡು ಜಾಸ್ತಿ.

"ಏನಾದ್ರೂ ಕತ್ತರಿಸಬೇಕು," ಅಂದ ದನಿ ಇಳಿಸಿ.

"ಆ ಮಂಜು ಕತ್ತರಿಸು," ಓಕ್ಬುನ್ ಅಕ್ಕ ಹೇಳಿದಳು. "ಎರಡು ನಿಮಿಷ ಬರೀ ಮಂಜು. ಅದನ್ನ ನಾವು ದಿನಾ ನೋಡ್ತೀವಿ."

"ನಾನಂತೂ ಟೀವೀನೇ ಕೆಟ್ಟೋಯ್ತು ಅಂದ್ಕೊಂಡೆ," ಅಂದ ಟಾಕ್.

"ಅಕ್ಕ, ಅದು ಬರೀ ಮಂಜಲ್ಲ! ಅದು ಕಾಲದ ಮೌನ! ಅದಕ್ಕೆ ಹದಿನೇಳು ಬೆಳಗ್ಗೆ ಸಮುದ್ರದ ಮುಂದೆ ಕೂತಿದ್ದೀನಿ!"

"ಕಾಲ ಮೌನವಾಗೇ ಇರ್ಲಿ ಬಿಡು. ನಮ್ಮನೆಯವ್ರಿಗೆ ಮೂರು ಸೆಕೆಂಡ್ ಸಿಗ್ಲಿ."

ಮಂಜು ಹೋಯಿತು. ಆಮೇಲೆ ಹದಿನಾರು ಸೆಕೆಂಡು ಸುಮ್ಮನೆ ಕುದಿಯುತ್ತಿದ್ದ ಕೆಟಲು ಹೋಯಿತು. ಮೂವತ್ತು ನಿಮಿಷ ಮೂರು ಸೆಕೆಂಡು ಉಳಿಯಿತು. ಗಂಟೆ ಐದೂ ನಲವತ್ತು.

ಮೂರು ಸೆಕೆಂಡು! ಅಜ್ಜಿಯ ಸುತ್ತಿಗೆಗೆ ಕೈ ಹಚ್ಚುವ ಮನಸ್ಸಾಗಲಿಲ್ಲ. ಹೆಸರು ತೆಗೆಯೋಣವೆಂದರೆ ಹೆಸರಿನವರೆಲ್ಲ ಕೋಣೆಯ ತುಂಬ, ಬಾಗಿಲಾಚೆ ಮೆಟ್ಟಿಲ ತುಂಬ, ಕಿತ್ತಳೆ ಸುಲಿಯುತ್ತ ಅವನ ಮುಖವನ್ನೇ ನೋಡುತ್ತಿದ್ದರು. ಆಗ ಅವನ ಕಣ್ಣಿಗೆ ಬಿದ್ದದ್ದು, ಸರಿಯಾಗಿ ಮೂರೇ ಸೆಕೆಂಡು ನಿಲ್ಲುತ್ತಿದ್ದ ಒಂದು ಫಲಕ: 'ಕ್ಯಾಮೆರಾ, ಸಂಕಲನ, ನಿರ್ದೇಶನ: ಪ್ಯೋ ಇನ್ಸು'.

ಬೇರೆ ಯಾರದ್ದನ್ನು ತೆಗೆದರೂ ಜಗಳ. ಇದನ್ನು ತೆಗೆದರೆ ಜಗಳಕ್ಕೆ ಬರುವವನು ತಾನೊಬ್ಬನೇ. ಹೇಗೂ ಪುಸ್ತಕದಲ್ಲಿ ಅಚ್ಚಾಗುವುದು ಅರ್ಜಿಯಲ್ಲಿ ಬರೆದ ಹೆಸರು ತಾನೆ? ಅಕ್ಕನಿಗೆ ಅಷ್ಟು ಸಾಕು. ಇಷ್ಟು ಯೋಚಿಸಿ, ನಿಟ್ಟುಸಿರು ಬಿಟ್ಟು ಅದನ್ನು ಅಳಿಸಿದ. ಸರಿಯಾಗಿ ಮೂವತ್ತು ನಿಮಿಷ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಏನು ಹೋಯಿತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಈಗ ನೆನೆದರೆ ಮುಜುಗರವಾಗುತ್ತದೆ.

ಐದೂ ಐವತ್ತಕ್ಕೆ ಅರ್ಜಿ ತೆರೆದ. ಮೊದಲು ನೀವು ನೀವೇ ಎಂದು ರುಜುವಾತು ಮಾಡಿ ಎಂದಿತು ಅದು. ಅವರವರ ಹೆಸರಿನ ಫೋನಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ತುಂಬಬೇಕು. ಇನ್ಸು ಜೇಬಿನಿಂದ ಫೋನು ತೆಗೆದ. ಅದೇ ಹೊತ್ತಿಗೆ ಓಕ್ಬುನ್ ಅಕ್ಕ, "ಬೆಳಗ್ಗೆಯಿಂದ ಒಂದು ತುತ್ತು ತಿಂದಿಲ್ಲ ಮಗು," ಎಂದು ಅಕ್ಕರೆಯಿಂದ ಅವನತ್ತ ಸೌಟು ಚಾಚಿದಳು. ಸೌಟು ಮೊಣಕೈಗೆ ತಾಗಿತು. ಫೋನು ಗುಳುಂ ಎಂದು ಸಾರಿನ ಪಾತ್ರೆಗೆ ಬಿತ್ತು.

ಎಲ್ಲರೂ ಪಾತ್ರೆಗೆ ಮುಗಿಬಿದ್ದರು. ಮೊದಲು ಒಂದು ಮೀನುಕಡುಬು ಸಿಕ್ಕಿತು. ಆಮೇಲೆ ಮೂಲಂಗಿ. ಮೂರನೆಯ ಸಲ ಫೋನು ಸಿಕ್ಕಿತು, ಪ್ರಾಣ ಹೋಗಿತ್ತು. ಐದೂ ಐವತ್ತಮೂರು.

"ಮುಗೀತು," ಎಂದ ಇನ್ಸು. ಅವನ ಮುಖ ನೋಡಲಾಗುತ್ತಿರಲಿಲ್ಲ.

ಅಜ್ಜಿ ಸೊಂಟದ ಚೀಲದಿಂದ ತನ್ನ ಮಡಿಸುವ ಫೋನು ತೆಗೆದು ಅವನ ಕೈಗಿಟ್ಟಳು. "ತಗೋ, ನನ್ನ ಹೆಸರಲ್ಲಿ ಮಾಡು."

"ಅಜ್ಜಿ, ಆಗ ಅರ್ಜೀಲಿ ನಿಮ್ಮ ಹೆಸರು ಬರುತ್ತೆ."

"ಬರ್ಲಿ! ಗೇಟು ದಾಟೋಕೆ ತಾನೇ? ಇವತ್ತು ನನ್ನ ಹೆಸರಲ್ಲಿ ಒಳಗೆ ಹೋಗು. ನಾಳೆ ಫೋನ್ ಮಾಡಿ ಸರಿ ಮಾಡಿಸ್ಕೋ. ಅವರೇನು ಮನುಷ್ಯರಲ್ವಾ?"

ಬೇರೆ ದಾರಿಯಿರಲಿಲ್ಲ. ಸಂಖ್ಯೆ ಬಂತು, ತುಂಬಿದ. ನಿರ್ದೇಶಕರ ಜಾಗದಲ್ಲಿ 'ಸೊ ಮಲ್ಸುನ್' ಎಂದು ತಾನಾಗೇ ಮೂಡಿತು. ಅಳಿಸಲು ಹೋದರೆ ಅಳಿಯಲಿಲ್ಲ. ಐದೂ ಐವತ್ತೆಂಟಕ್ಕೆ ಪರದೆಯ ಮೇಲೆ 'ನಿಮ್ಮ ಚಿತ್ರ ತಲುಪಿದೆ, ಧನ್ಯವಾದಗಳು' ಎಂದು ಬಂತು.

ಓಣಿ ಹೋ ಎಂದಿತು. ಇನ್ಸು ಎದ್ದು ನಿಂತ. ಎಲ್ಲರಿಗೂ ಸೊಂಟ ಮುರಿಯುವಂತೆ ಬಾಗಿ ನಮಸ್ಕರಿಸಿದ. "ನೀವೆಲ್ಲ ಇಲ್ದಿದ್ರೆ ಈ ಚಿತ್ರ ಇಲ್ಲ," ಅಂದ. ಫೋನು ಬಿದ್ದ ಸಾರನ್ನು ಎಲ್ಲರೂ ಹಂಚಿಕೊಂಡು ಕುಡಿದೆವು. ರುಚಿ ಕೆಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿಯ ಫೋನಿನಿಂದಲೇ ಉತ್ಸವದ ಕಚೇರಿಗೆ ಕರೆ ಮಾಡಿದ. ಆ ಕಡೆಯ ಹುಡುಗಿ ತುಂಬ ಮರ್ಯಾದಸ್ಥೆ.

"ಖಂಡಿತ ಬದಲಾಯಿಸ್ತೀವಿ ಸರ್. ನಿರ್ದೇಶಕರು ನೀವೇ ಅನ್ನೋದಕ್ಕೆ ಚಿತ್ರದಲ್ಲಿ ನಿಮ್ಮ ಹೆಸರು ಇದ್ರೆ ಸಾಕು. ಎಷ್ಟನೇ ನಿಮಿಷದಲ್ಲಿ ಬರುತ್ತೆ?"

ಇನ್ಸು ಹಣೆ ಚಚ್ಚಿಕೊಂಡ.

"ಸರ್? ಇಲ್ಲಿ ಅರವತ್ತಮೂರು ಹೆಸರಿವೆ. ಅದರಲ್ಲಿ ನಿಮ್ಮದು ಯಾವುದು?"

"ಇಲ್ಲ," ಅಂದ ಇನ್ಸು.

"ಸರ್, ಚಿತ್ರ ಮಾಡಿದವರು ತಮ್ಮ ಹೆಸರೊಂದನ್ನ ಬಿಟ್ಟು ಓಣಿಯವರದ್ದೆಲ್ಲ ಹಾಕ್ತಾರಾ?" ಎಂದು ಆಕೆ ನಯವಾಗಿಯೇ ಕೇಳಿದಳು. ಅವನು ಫೋನು ಮಡಿಸಿ ಅಜ್ಜಿಗೆ ಕೊಟ್ಟ.

ವಸಂತದಲ್ಲಿ 'ತುಕ್ಕು' ಆಯ್ಕೆಯಾಯಿತು. ಎಂಟು ವರ್ಷದಲ್ಲಿ ಮೊದಲ ಸಲ! ಬಸ್ಸು ಮಾಡಿಕೊಂಡು ಓಣಿಗೆ ಓಣಿಯೇ ಹೋದೆವು. ಉತ್ಸವದ ಪುಸ್ತಕದಲ್ಲಿ ನುಣುಪು ಕಾಗದದ ಮೇಲೆ ಅಚ್ಚಾಗಿತ್ತು: 'ನಿರ್ದೇಶನ: ಸೊ ಮಲ್ಸುನ್, ೮೧ ವರ್ಷ, ಚೊಚ್ಚಲ ಚಿತ್ರ. ಒಂದು ಕ್ಷಣವೂ ವ್ಯರ್ಥವಿಲ್ಲದ ಬಿಗಿ ನಿರೂಪಣೆ.' ಓಕ್ಬುನ್ ಅಕ್ಕ ಇನ್ಸುವಿನ ಪಕ್ಕೆಗೆ ತಿವಿದಳು. "ನೋಡ್ದಾ? ಮಂಜು ಇದ್ದಿದ್ರೆ?"

ಅಜ್ಜಿ ವೇದಿಕೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಮೈಕು ಬೇಕಾಗಲಿಲ್ಲ. "ನಾನೇನೂ ಮಾಡಿಲ್ಲ! ಎಲ್ಲಾ ನಮ್ಮ ಕೆಳಗಿನ ಮನೆ ಹುಡುಗ ಮಾಡಿದ್ದು!" ಎಂಥ ವಿನಯ ಎಂದು ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವಳು ಇನ್ನೂ ಜೋರಾಗಿ ಹೇಳಿದಳು. ಅವರು ಇನ್ನೂ ಜೋರಾಗಿ ಹೊಡೆದರು.

ಚಿತ್ರ ಮುಗಿದು ಹೆಸರುಗಳು ಬಂದವು. ಒಂದೊಂದೂ ಮೂರು ಸೆಕೆಂಡು, ದಪ್ಪಕ್ಕೆ. ಹೆಸರು ಬಂದವರು ಕತ್ತಲಲ್ಲಿ ಎದ್ದು ನಿಂತು ಕೂರುತ್ತಿದ್ದರು. ಟಾಕ್ ಅತ್ತುಬಿಟ್ಟ. ಓಕ್ಬುನ್ ಅಕ್ಕನ ಗಂಡ ಅಂದು ಮೊದಲ ಸಲ ಮಾತಾಡಿದ: "ನಂದು." ಪ್ರತಿಯೊಬ್ಬರಿಗೂ ಇನ್ಸು ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿದ. ಅವನ ಮುಖದಲ್ಲಿದ್ದದ್ದು ಸಂತೋಷವೇ. ಪಕ್ಕದಲ್ಲೇ ಕೂತಿದ್ದ ನಾನು ಆಣೆ ಮಾಡಿ ಹೇಳಬಲ್ಲೆ.

ಅವನ ಅಕ್ಕ ಇನ್ಸುಕ್ ಕಣ್ಣೊರೆಸಿಕೊಂಡು ಪುಸ್ತಕ ತಿರುವಿ ನೋಡಿದಳು. "ಒಳ್ಳೇ ಸಿನಿಮಾ ಕಣೋ, ಅಳಿಸಿಬಿಡ್ತು. ಅದೆಲ್ಲ ಸರಿ, ಇದರಲ್ಲಿ ನಿನ್ನ ಹೆಸರೆಲ್ಲಿ?" ಇನ್ಸು ನಡೆದದ್ದೆಲ್ಲ ಹೇಳಿದ. ಅವಳು ತಲೆಯಾಡಿಸುತ್ತ ಪೂರ್ತಿ ಕೇಳಿ ಪುಸ್ತಕ ಮುಚ್ಚಿದಳು. "ಸೋಮವಾರ ಬಾ. ರಬ್ಬರ್ ಬೂಟು ನಾನು ಕೊಡ್ತೀನಿ."

ಸೋಮವಾರ ಬೆಳಿಗ್ಗೆ ಅವನ ಎರಡು ಚೀಲಕ್ಕೆ ಓಣಿ ಹನ್ನೊಂದು ಗಂಟು ಸೇರಿಸಿತು: ಕಿಮ್ಚಿ ಉಪ್ಪಿನಕಾಯಿ, ಒಣಮೀನು, ಇಸ್ತ್ರಿ ಮಾಡಿದ ಅಂಗಿಗಳು. ಇನ್ಸು ಒಬ್ಬೊಬ್ಬರಿಗೂ ಬಾಗಿ ನಮಸ್ಕರಿಸಿ, "ಋಣಿಯಾಗಿರ್ತೀನಿ," ಎನ್ನುತ್ತ ಮೆಟ್ಟಿಲಿಳಿಯತೊಡಗಿದ.

"ಡೈರೆಕ್ಟ್ರೇ!" ಟಾಕ್ ಹಿಂದಿನಿಂದ ಕೂಗಿದ.

ಇನ್ಸು ಥಟ್ಟನೆ ತಿರುಗಿದ.

"ಏನೋ?" ಎಂದು ಮಹಡಿಯ ಕಿಟಕಿಯಿಂದ ಅಜ್ಜಿ ಓಗೊಟ್ಟಳು. ಟಾಕ್ ಕರೆದದ್ದು ಅವಳನ್ನೇ. ಇನ್ಸುವನ್ನು ಕಂಡು ಅವಳು ಕೈಬೀಸಿದಳು. "ನಿಲ್ಲೋ ಮಗು! ಉತ್ಸವದವರು ಫೋನ್ ಮಾಡಿದ್ರು, ಮುಂದಿನ ವರ್ಷಕ್ಕೆ ಇನ್ನೊಂದು ಚಿತ್ರ ಮಾಡ್ಬೇಕಂತೆ. ಕಡಲಪಾಚಿ ಮೇಲೆ ಮಾಡೋಣ, ಕ್ಯಾಮೆರಾ ನೀನು ಹಿಡಿ. ಈ ಸಲ ನಿನ್ನ ಹೆಸರು ಮರೆಯಲ್ಲ ಕಣೋ, ನಮ್ಮಪ್ಪನಾಣೆ! 'ಕೃತಜ್ಞತೆಗಳು' ಇರುತ್ತಲ್ಲ, ಅದರಲ್ಲಿ ಹಾಕಿಸ್ತೀನಿ!"

ಇನ್ಸುವಿನ ಕಣ್ಣು ತುಂಬಿ ಬಂತು. ಗಂಟುಗಳ ಸಮೇತ ಮತ್ತೊಮ್ಮೆ ನೆಲಮುಟ್ಟ ಬಾಗಿದ.

ಮಾ ಗಪ್ಸಿಕ್ ಅಲ್ಲೇ ದಫ್ತರ ಬಿಚ್ಚಿ, ಕನ್ನಡಕ ಏರಿಸಿ, ಬರೆದುಕೊಂಡ. "ವಯಸ್ಸಿನ ಪ್ರಕಾರ ಕೊನೇಲಿ ಬರುತ್ತೆ. ಅರವತ್ನಾಲ್ಕನೇದು," ಅಂದ. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ ಸೇರಿಸಿದ: "ಮೂರು ಸೆಕೆಂಡ್ ಉಳಿದ್ರೆ."