ಎತ್ತಿದ ಕೈ ಇಳಿಸದ ಬುಲ್ಡೋಜರ್ ಅವರಿಗೆ

ಮಾನ್ಯ ಬುಲ್ಡೋಜರ್ ಅವರೇ,

ತಮ್ಮ ಹಳದಿ ಮೈಗೆ, ಗಾಳಿ ಇಳಿದ ಗಾಲಿಗಳಿಗೆ, ಎಲ್ಲಕ್ಕಿಂತ ಮಿಗಿಲಾಗಿ ಆಕಾಶಕ್ಕೆ ಚಾಚಿಯೇ ಇರುವ ತಮ್ಮ ಕೈಗೆ ತಲೆಬಾಗಿ ನಮಸ್ಕರಿಸುತ್ತಾ, ಸರ್ಕಾರಿ ಕಚೇರಿಯ ಗೋಡೆಗೊರಗಿದ ತಗಡಿನ ಗೂಡಿನಲ್ಲಿ ಮೊನ್ನೆಮೊನ್ನೆಯವರೆಗೂ ಬಟ್ಟೆ ಇಸ್ತ್ರಿ ಮಾಡಿಕೊಂಡಿದ್ದ ಹೆಂಗಸು ಮಾಡಿಕೊಳ್ಳುವ ಅರಿಕೆ.

ತಾವು ನನ್ನನ್ನು ಮರೆತಿರಲಾರಿರಿ. ಜಾಗ ಸಾರ್ವಜನಿಕರದ್ದೆಂದೂ ನಾನು ಅನಧಿಕೃತಳೆಂದೂ ನೋಟಿಸ್ ಅಂಟಿಸಿದ ಅಧಿಕಾರಿಗಳು ಒಂದು ಬೆಳಿಗ್ಗೆ ತಮ್ಮನ್ನು ಮದುಮಗನಂತೆ ಮೆರೆಸಿಕೊಂಡು ಬಂದರು. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಹಿಡಿದುಕೊಂಡೇ ನಾನು ಹೊರಗೋಡಿದೆ; ಅತ್ತೆ ಮಾತ್ರ ಒಳಗೇ ಕೂತು ಅಂಗಿ ಮಡಿಸುತ್ತಿದ್ದರು. ಒಕ್ಕಲೆಬ್ಬಿಸುವುದರಲ್ಲಿ ತಾವು ಎತ್ತಿದ ಕೈ ಎಂದು ಊರೆಲ್ಲ ಹೇಳುತ್ತಿತ್ತು. ತಾವು ಕೈ ಎತ್ತಿದಿರಿ. ಅಷ್ಟರಲ್ಲಿ ತಮ್ಮ ಹೊಟ್ಟೆಯೊಳಗೆ ಏನೋ ಟಪ್ಪೆಂದು, ಕಪ್ಪು ಹೊಗೆ ಬಂದು, ಕೈ ಎತ್ತಿದ್ದು ಎತ್ತಿದಂತೆಯೇ ನಿಂತುಹೋಯಿತು.

ತಮ್ಮನ್ನು ರಿಪೇರಿ ಮಾಡುವವನು ಬರುವ ಮೊದಲೇ, ಕರಿಕೋಟನ್ನು ನನ್ನ ಬಳಿ ಇಸ್ತ್ರಿ ಮಾಡಿಸುವ ವಕೀಲರು ಓಡಾಡಿ ತಡೆಯಾಜ್ಞೆ ತಂದರು. ಮುಂದಿನ ಆದೇಶದವರೆಗೆ ಸ್ಥಳದಲ್ಲಿರುವ ಯಾವುದನ್ನೂ ಕದಲಿಸಕೂಡದು ಎಂದು ಅದರಲ್ಲಿತ್ತು. ಯಾವುದನ್ನೂ ಎಂದರೆ ತಮ್ಮನ್ನೂ ಎಂದು ಅಧಿಕಾರಿಗಳು ಅರ್ಥಮಾಡಿಕೊಂಡು, ರಿಪೇರಿಯವನನ್ನು ಬಂದ ದಾರಿಯಲ್ಲೇ ಕಳಿಸಿದರು.

ಹೀಗೆ ನಾವು ನೆರೆಹೊರೆಯವರಾದೆವು. ಇಷ್ಟು ಸಭ್ಯ ನೆರೆ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಚಾಡಿ ಹೇಳಲಿಲ್ಲ, ಇಣುಕಿ ನೋಡಲಿಲ್ಲ, ಅತ್ತೆ ತಮ್ಮ ಎತ್ತಿದ ಕೈಗೇ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರೂ ಮುಖ ಸಿಂಡರಿಸಲಿಲ್ಲ. ತಮ್ಮ ಕಾವಲಿಗೆ ಉಳಿದ ಡ್ರೈವರ್ ನಮ್ಮ ನೆರಳಿನಲ್ಲೇ ಬುತ್ತಿ ಬಿಚ್ಚುತ್ತಿದ್ದ. ಒಂದು ದಿನ ಅವನು ತುತ್ತು ನಿಲ್ಲಿಸಿ, "ಅಮ್ಮಾ, ಅವತ್ತು ನೀವು ಒಳಗಿದ್ದದ್ದು ನನಗೆ ಕಾಣಲೇ ಇಲ್ಲ" ಎಂದ. "ನೀನು ನನಗೆ ಕಾಣ್ತಿದ್ದೆ ಬಿಡಪ್ಪ, ಅಂಗಿ ಮುದುರಿತ್ತು. ನಾಳೆ ತಂದುಕೊಡು" ಎಂದರು ಅತ್ತೆ. ಮರುದಿನ ಅವನು ತಂದ ಅಂಗಿಯನ್ನು ನನ್ನ ಕೈಗೂ ಕೊಡದೆ ಅತ್ತೆಯೇ ಇಸ್ತ್ರಿ ಮಾಡಿದರು.

ಕೊನೆಗೆ ತೀರ್ಪು ಬಂತು. ಜಾಗ ಸಾರ್ವಜನಿಕರದ್ದೇ, ನನಗೆ ಮಾರುಕಟ್ಟೆಯ ಹಿಂದೆ ಬೇರೆ ಜಾಗ ಕೊಡಬೇಕು, ಕೊಟ್ಟೊಡನೆ ನಾನು ಬಿಡಬೇಕು, ಯಂತ್ರವನ್ನೂ ತೆಗೆಯಬೇಕು. ನಾನು ಹೇಳಿದ ಮಾತು ಕೇಳುವವಳು, ತಗಡು ಕಳಚಿಕೊಂಡು ಹೊರಟೆ. ತಮ್ಮ ವಿಷಯದಲ್ಲಾದರೋ, ಯಂತ್ರ ಗುತ್ತಿಗೆದಾರನದು, ಅವನೇ ಒಯ್ಯಲಿ ಎಂದಿತು ಕಚೇರಿ. ಕೆಟ್ಟದ್ದು ಕಚೇರಿಯ ಕೆಲಸದಲ್ಲಿ, ಕಚೇರಿಯೇ ಒಯ್ಯಲಿ ಎಂದ ಗುತ್ತಿಗೆದಾರ. ಅದಕ್ಕೀಗ ಬೇರೆ ಮೊಕದ್ದಮೆ. ನನ್ನ ಗೂಡಿಗೆ ನೋಟಿಸ್ ಅಂಟಿಸಿದ ಗುಮಾಸ್ತರೇ ತಮ್ಮ ಬಾಗಿಲಿಗೂ ಒಂದನ್ನು ಅಂಟಿಸಿದ್ದಾರೆ. ತಾವು ಅದನ್ನು ಓದಿದಂತೆ ಕಾಣುವುದಿಲ್ಲ.

ಹೊಸ ಜಾಗ ಕೆಟ್ಟದ್ದೇನಲ್ಲ. ನಲ್ಲಿಯಿದೆ, ಪರವಾನಗಿಯಿದೆ, ಗೋಡೆಯ ಮೇಲೆ ನನ್ನದೇ ನಂಬರಿದೆ, ಗಿರಾಕಿಗಳಷ್ಟೇ ಇರಲಿಲ್ಲ. ಅವರೆಲ್ಲ ಬಟ್ಟೆಗಂಟು ಹೊತ್ತು ಹಳೆಯ ಜಾಗಕ್ಕೇ ಹೋಗಿ, ತಮಗೊಂದು ಪ್ರದಕ್ಷಿಣೆ ಹಾಕಿ ಮನೆಗೆ ಮರಳುತ್ತಿದ್ದರು. ಅತ್ತೆ ಖಾಲಿ ಮೇಜಿನ ಮುಂದೆ ಕೂತು, ಮಡಿಸಿದ್ದ ಒಂದೇ ಚಾದರವನ್ನು ಬಿಚ್ಚಿ ಮತ್ತೆ ಮಡಿಸುವುದನ್ನು ನನಗೆ ನೋಡಲಾಗುತ್ತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಹೇಗೂ ಎತ್ತಿಯೇ ಇರುವ ಕೈಯನ್ನು ದಯಮಾಡಿ ತುಸು ಮಾರುಕಟ್ಟೆಯ ಕಡೆಗೆ ತಿರುಗಿಸಿ, ಬಂದವರಿಗೆ ದಾರಿ ತೋರಿಸಬೇಕು. ಅದಾಗದಿದ್ದರೆ, ಕೋರ್ಟು ಹೇಳಿದರೂ ಜಾಗ ಬಿಡದೆ ನಿಲ್ಲುವ ವಿದ್ಯೆಯನ್ನಾದರೂ ನನಗೆ ಕಲಿಸಿಕೊಡಬೇಕು. ಸದ್ಯಕ್ಕೆ ದಾರಿ ತೋರಿಸುವ ಕೆಲಸವನ್ನು ತಮ್ಮ ಡ್ರೈವರ್ ವಹಿಸಿಕೊಂಡಿದ್ದಾನೆ; ವಯಸ್ಸಾದವರ ಗಂಟನ್ನು ತಾನೇ ಹೆಗಲಿಗೇರಿಸಿಕೊಂಡು ಬರುತ್ತಾನೆ. ನಿನ್ನೆ ಕೆಂಡ ಆರುವವರೆಗೂ ಅತ್ತೆಗೆ ಬಿಡುವಿರಲಿಲ್ಲ. ಸೊಂಟ ನೋವೆಂದು ಬೈದುಕೊಳ್ಳುತ್ತಲೇ ಮಲಗಿದರು. ಆ ಬೈಗುಳ ಕೇಳಿ ಎಷ್ಟು ದಿನವಾಗಿತ್ತೋ.

ಕರೆದರೆ ಬಂದು ತಮ್ಮ ಧೂಳೊರೆಸಲು ಸಿದ್ಧಳಿರುವ,
ತಮ್ಮ ವಿಶ್ವಾಸಿ,
ಜಾಗ ಬಿಟ್ಟುಕೊಟ್ಟ ಮಾಜಿ ನೆರೆಯವಳು

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ಅಧಿಕಾರಿಗಳಿಗೂ ಕಳಿಸಿದ್ದೇನೆ. ಇಬ್ಬರಲ್ಲಿ ಮೊದಲು ಅಲುಗಾಡುವವರು ತಾವೇ ಎಂಬ ನಂಬಿಕೆ ನನಗಿದೆ.