ಗಡ್ಡಕ್ಕೆ ಎತ್ತಿದ ಆರತಿ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಧೈರ್ಯ ಬೇಕು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ಆ ಧೈರ್ಯ ಇರಲೇಕೂಡದು ಎಂದು ನಂಬಿದವನು ನಾನು. ಎಂಬತ್ತರ ದಶಕದ ಕೊನೆಯಲ್ಲಿ, ಗುಬ್ಬಿಯ ನಮ್ಮ ಬೀದಿಗೆಲ್ಲ ನನ್ನದೊಂದೇ ಟಿ.ವಿ. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಶುರುವಾದರೆ ನಮ್ಮ ನಡುಮನೆ ಗುಡಿಯಾಗುತ್ತಿತ್ತು. ಎದುರುಮನೆಯ ಸಿದ್ದಮ್ಮಜ್ಜಿ ಮಡಿಯುಟ್ಟು ಬಂದು, ಟಿ.ವಿ.ಗೆ ಕುಂಕುಮವಿಟ್ಟು, ದೇವರು ಕಾಣಿಸಿಕೊಂಡೊಡನೆ ಆರತಿ ಎತ್ತುತ್ತಿದ್ದರು. ಟಿ.ವಿ. ಯಜಮಾನನೆಂದು ನನ್ನ ಕಡೆಗೂ ಒಂದಿಷ್ಟು ಭಕ್ತಿ ಹರಿಯುತ್ತಿತ್ತು.

ಒಂದು ಕ್ರಿಸ್‌ಮಸ್ ಮಧ್ಯಾಹ್ನ ಟಿ.ವಿ.ಗೆಂದೇ ತೆಗೆದ ಇಂಗ್ಲಿಷ್ ಸಿನಿಮಾ ಹಾಕಿದರು. "ಏಸುಸ್ವಾಮಿ ಹಬ್ಬದ ಪಿಚ್ಚರ್ ಅಂತಲ್ಲಪ್ಪ" ಎನ್ನುತ್ತಾ ಅಜ್ಜಿ ಆರತಿ ತಟ್ಟೆಯ ಸಮೇತ ಬಂದರು, ಹಿಂದೆಯೇ ಬೀದಿಯವರೆಲ್ಲ ಬಂದರು. ದೇವರೆಂದ ಮೇಲೆ ಅವರಲ್ಲಿ ಭೇದವಿಲ್ಲ. "ಸ್ವಾಮಿ ಬಂದ ತಕ್ಷಣ ಹೇಳಪ್ಪ ಮೇಷ್ಟ್ರೇ, ನಂಗೆ ಇಂಗ್ಲೀಸ್ ಬರಕಿಲ್ಲ."

ನನಗೂ ಬರುವುದಿಲ್ಲ ಎಂಬುದು ಐದೇ ನಿಮಿಷದಲ್ಲಿ ತಿಳಿಯಿತು. ಸಿನಿಮಾದವರು ಆಡುತ್ತಿದ್ದ ಇಂಗ್ಲಿಷಿಗೂ ನಾನು ಕಲಿಸುತ್ತಿದ್ದ ಇಂಗ್ಲಿಷಿಗೂ ದೂರದ ನೆಂಟಸ್ತಿಕೆಯೂ ಇರಲಿಲ್ಲ. ಹಿಮ ಬಿತ್ತು. ಒಬ್ಬಳು ಅತ್ತಳು. ಗಿಡಕ್ಕೆ ದೀಪ ಕಟ್ಟಿದರು, ರಾಶಿ ರಾಶಿ ಪೊಟ್ಟಣ ಬಿಚ್ಚಿದರು. ದೇವರು ಹುಟ್ಟಿದ ಹಬ್ಬಕ್ಕೆ ದೇವರೊಬ್ಬನನ್ನು ಬಿಟ್ಟು ಮಿಕ್ಕೆಲ್ಲರನ್ನೂ ಕರೆದಿದ್ದರು.

"ಇನ್ನೂ ಬರ್ಲಿಲ್ವೇನಪ್ಪ?" ಅಜ್ಜಿಯ ಕೈ ಸೋಲುತ್ತಿತ್ತು, ನನ್ನ ಮಾನ ಹೋಗುತ್ತಿತ್ತು. ಅಷ್ಟರಲ್ಲಿ ಸಿನಿಮಾದ ದೊಡ್ಡ ಅಂಗಡಿಯೊಂದರೊಳಗೆ ಕೆಂಪು ನಿಲುವಂಗಿ, ಎದೆಮಟ್ಟದ ಬಿಳಿಗಡ್ಡದ ಮುದುಕನೊಬ್ಬ ಬಂದ. ಮಕ್ಕಳಿಗೆ ಉಡುಗೊರೆ ಕೊಡುವ ತಾತನೆಂದು ನನಗೆ ಗೊತ್ತಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಇವರೇ ಅಜ್ಜಿ, ದೊಡ್ಡ ಋಷಿಗಳು!" ಎಂದೆ. ಕರ್ಪೂರ ಹತ್ತಿತು, ಗಂಟೆ ಮೊಳಗಿತು, ಬೀದಿಯೆಲ್ಲ ಕೈಮುಗಿಯಿತು. ಋಷಿಗಳು ಅಂಗಡಿಯ ಹಿಂದಿನ ಕೋಣೆಗೆ ನಡೆದು, ಗಡ್ಡ ಕಿತ್ತು ಮೇಜಿನ ಮೇಲಿಟ್ಟು, ಸಿಗರೇಟು ಹಚ್ಚಿದರು.

"ಏನ್ ಸಾ, ನಿಮ್ಮ ಋಷಿ ಸಿಗ್ರೇಟ್ ಸೇದ್ತಾವ್ನೆ?" ಎಂದ ಸೈಕಲ್ ಶಾಪಿನ ಬಷೀರ್. ಎಲ್ಲರೂ ಟಿ.ವಿ. ಬಿಟ್ಟು ನನ್ನನ್ನೇ ನೋಡತೊಡಗಿದರು. ಭೂಮಿ ಬಾಯಿಬಿಡಬಾರದೇ ಎನಿಸಿತು. "ತಪ್ಪಾಯ್ತು ಅಜ್ಜಿ, ನನಗೂ ಅರ್ಥವಾಗ್ತಿಲ್ಲ" ಎಂದು ಒಪ್ಪಿಕೊಂಡೆ.

ಅಜ್ಜಿ ತಟ್ಟೆ ಕೆಳಗಿಟ್ಟರು. "ನಮ್ಮ ಭಾನುವಾರದ ಋಷಿಗಳ್ದೂ ಅಂಟಿಸಿದ ಗಡ್ಡವೇ, ನಂಗೊತ್ತಿಲ್ವಾ? ಆದ್ರೆ ಅವ್ರು ಯಾರೂ ಮಧ್ಯದಲ್ಲಿ ಕಿತ್ತಾಕಲ್ಲ ಕಣಪ್ಪ. ನೀನೂ ಇಂಗ್ಲೀಸ್ ಮೇಷ್ಟ್ರು ಅಂತ ಕುಂತ್ಮೇಲೆ ಕಡೇಗಂಟ ಏನೋ ಒಂದು ಹೇಳ್ತಾನೇ ಇರ್ಬೇಕಾಗಿತ್ತು."

ರಜೆ ಮುಗಿದ ಮೇಲೆ ತರಗತಿಯಲ್ಲಿ ಹುಡುಗರು ಯಾವುದೋ ಪದದ ಅರ್ಥ ಕೇಳಿದರು. ಗೊತ್ತಿಲ್ಲ ಎನ್ನಲು ಬಾಯಿ ತೆರೆದವನಿಗೆ ಅಜ್ಜಿ ನೆನಪಾದರು. ನುಣ್ಣಗೆ ಬೋಳಿಸಿದ ಗದ್ದವನ್ನೊಮ್ಮೆ ನೇವರಿಸಿಕೊಂಡು, ತೋಚಿದ ಅರ್ಥ ಹೇಳಿಬಿಟ್ಟೆ.