ಮಂಪರು ಇಳಿದ ಮೇಲೆ

ನಮ್ಮ ಆಸ್ಪತ್ರೆಯಲ್ಲಿ ರೋಗಿಗಳು ಮಾತಾಡುವುದಿಲ್ಲ. ಆ ಕೊರತೆಯನ್ನು ಜೊತೆಗೆ ಬಂದವರು ತುಂಬುತ್ತಾರೆ. ಎಡವಟ್ಟುಗಳೆಲ್ಲ ಶುರುವಾಗುವುದು ಅಲ್ಲಿಂದಲೇ. ನಾನು ಗದಗದ ಕಡೆಯವಳು, ದನದ ಡಾಕ್ಟರು. ಕೆಲಸ ಸಿಕ್ಕಿ ಕುಂದಾಪುರದ ಕಡೆ ಬಂದವಳು ಇಲ್ಲಿಯೇ ಉಳಿದೆ. ಊರಿಗೆ ಹೋದಾಗ ಅಕ್ಕತಂಗಿಯರು ಸುತ್ತ ಕೂತು, "ನಿನ್ನ ನಾಯಿ ಕರುಗಳ ಕಥೆ ಹೇಳು, ಸ್ವಲ್ಪ ನಗೋಣ" ಅನ್ನುತ್ತಾರೆ. ನಾನೂ ಹೇಳುತ್ತೇನೆ, ಅವರೂ ನಗುತ್ತಾರೆ. ಆದರೆ ಹೇಳಿ ಮುಗಿಸಿ ಒಬ್ಬಳೇ ಕೂತಾಗ ನನಗೆ ಅಷ್ಟೊಂದು ನಗು ಬರುವುದಿಲ್ಲ.

ಬೆಕ್ಕಿನ ಮೇಲಿನ ಅಪವಾದ

ಕೋಡಿಯ ಕಡೆಯ ಒಂದು ಮೀನುಗಾರರ ಮನೆಯ ನಾಯಿ. ಹೊಟ್ಟೆಯ ಕೆಳಗೆ ಲಿಂಬೆಹಣ್ಣಿನಷ್ಟು ಗಡ್ಡೆ. ಬೇಗ ತೆಗೆದರೆ ಒಳ್ಳೆಯದು ಎಂದು ದಿನ ಗೊತ್ತುಮಾಡಿ, ಗಂಡ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿ ಹೇಳಿದ್ದೆ: "ಆವತ್ತು ಬೆಳಿಗ್ಗೆ ಏನೂ ಕೊಡಬೇಡಿ. ಹೊಟ್ಟೆಯಲ್ಲಿ ಅನ್ನ ಇದ್ದರೆ ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ. ಜೀವಕ್ಕೇ ಅಪಾಯ."

ಆ ದಿನ ಬಂದಾಗ ಮತ್ತೆ ಕೇಳಿದೆ. ಹೆಂಡತಿ, "ಒಂದ್ ಹನಿ ನೀರ್ ಸೈತ ಕೊಡ್ಲಿಲ್ಲ ಡಾಕ್ಟ್ರಮ್ಮ" ಎಂದು ದೇವರ ಮೇಲೆ ಆಣೆ ಇಟ್ಟಳು. ಮಂಪರಿನ ಸೂಜಿ ಚುಚ್ಚಿದೆ. ಆ ಮದ್ದಿಗೆ ಕೆಲವು ನಾಯಿಗಳಿಗೆ ಮೊದಲು ಹೊಟ್ಟೆ ತೊಳಸುತ್ತದೆ. ಇದು ಎರಡು ಸಲ ತಲೆ ಅಲ್ಲಾಡಿಸಿ, ನನ್ನ ಚಪ್ಪಲಿಯ ಮುಂದೆಯೇ ಎಲ್ಲವನ್ನೂ ಕಾರಿತು. ಹುರಿದ ಬಂಗುಡೆ ಮೀನು. ತಲೆ, ಬಾಲ, ಮೇಲಿನ ಮಸಾಲೆ ಎಲ್ಲ ಇದ್ದ ಹಾಗೆಯೇ ಇತ್ತು.

ಗಂಡ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಪರೀಕ್ಷೆ ಮಾಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇದ್ ಬೆಕ್ಕ್ ಕಚ್ಕಂಡ್ ಹೋಯ್ತ್ ಅಂದದ್ದಲ್ದಾ? ನಂಗ್ ಬರೀ ಸಾರ್ ಬಡ್ಸಿದ್ಯಲೆ!" ಎಂದ.

ಅವಳು ಸೋಲಲಿಲ್ಲ. "ಆಪರೇಷನ್ ಅಂದ್ರೆ ಮೈಗೆ ಶಕ್ತಿ ಬ್ಯಾಡ್ದಾ? ನಿಮ್ಗೆಂತ ಆಪರೇಷನ್ ಇತ್ತಾ?"

ಆಸ್ಪತ್ರೆಯೇ ನಕ್ಕಿತು. ಆದರೆ ಆಪರೇಷನ್ ಮುಂದಕ್ಕೆ ಹೋಯಿತು. ಗಂಡ ಬೋಟಿಗೆ ಹೋದ, ಒಬ್ಬಳೇ ನಾಯಿಯನ್ನು ತರುವುದು ಅವಳಿಂದಾಗಲಿಲ್ಲ. ಮತ್ತೆ ಬರುವ ಹೊತ್ತಿಗೆ ಗಡ್ಡೆ ತೆಂಗಿನಕಾಯಿಯಷ್ಟಾಗಿ ಒಳಗೂ ಬೇರು ಬಿಟ್ಟಿತ್ತು. ತೆಗೆಯಲು ಆದಷ್ಟು ತೆಗೆದು ಹೊಲಿದು ಕಳಿಸಿದೆ. ಆ ಮಳೆಗಾಲ ದಾಟಲಿಲ್ಲ, ಪಾಪ.

ಆಮೇಲೆ ಒಮ್ಮೆ ಗಂಡ ಪೇಟೆಯಲ್ಲಿ ಸಿಕ್ಕಿದ. ನಾಯಿಯ ಮಾತು ಅವನೇ ತೆಗೆದ: "ಅಲ್ಲ ಡಾಕ್ಟ್ರಮ್ಮ, ಆ ಬಂಗ್ಡಿ ನಂಗೂ ದಕ್ಲಿಲ್ಲ, ಅದ್ಕೂ ದಕ್ಲಿಲ್ಲ ಕಾಣಿ."

ಇತ್ತ್

ಇದು ನಾನು ಇಲ್ಲಿಗೆ ಬಂದ ಹೊಸತರ ಮಾತು. ಕೋಟದ ಒಬ್ಬ ದಿನಸಿ ಅಂಗಡಿಯವರ ಹೆಣ್ಣುನಾಯಿಗೆ ಗರ್ಭಕೋಶದ ತುಂಬ ಕೀವು ತುಂಬಿತ್ತು. ಗರ್ಭಕೋಶವನ್ನೇ ತೆಗೆಯಬೇಕಾಯಿತು. ವಯಸ್ಸಾದ ನಾಯಿ. ಮಂಪರಿನಿಂದ ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ತಲೆ ಎತ್ತಿದ ಮೇಲೆ ಮನೆಗೆ ಕಳಿಸಿದೆನೇನೋ ಸರಿ, ನನಗೆ ಮಾತ್ರ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಬೆಳಗಾದ ಕೂಡಲೇ ಫೋನು ಮಾಡಿದೆ.

"ನಾಯಿ ಹೆಂಗೈತ್ರಿ?"

"ಹ್ವಾಯ್, ಡಾಕ್ಟ್ರಮ್ಮನಾ? ನಾಯಿ ಒಳ್ಳೇದಿತ್ತ್."

ನಾಯಿ ಒಳ್ಳೆಯದಿತ್ತು! ನಮ್ಮ ಕಡೆ ತೀರಿಹೋದವರ ಬಗ್ಗೆ ಮಾತ್ರ ಹಾಗೆ ಹೇಳುತ್ತಾರೆ.

"ಯಾವಾಗ್ರಿ?" ಎಂದೆ.

"ಎಂತ ಯಾವಾಗ? ಬೆಳಿಗ್ಗಿಂದ ಹಾಂಗೇ ಇತ್ತ್. ಜಗ್ಲಿ ಮೇಲ್ ಮಲ್ಕಂಡಿತ್ತ್."

"ನನ್ನ ಕೈಲಾದದ್ದೆಲ್ಲ ಮಾಡಿದೆ ರೀ. ಮನಸ್ಸಿಗೆ ಬಹಳ ಹಚ್ಚಿಕೋಬ್ಯಾಡ್ರಿ."

"ನೀವ್ ಮಾಡದ್ದ್ ದೊಡ್ ಉಪ್ಕಾರ. ಈಗ ಅದ್ಕೆ ಎಂತ ಹಾಕುದ್, ಹೇಳಿ."

ಎಂಥ ಧೈರ್ಯದ ಮನುಷ್ಯ ಅಂದುಕೊಂಡೆ. ಕಣ್ಣು ಒರೆಸಿಕೊಂಡು, "ಉಪ್ಪು ಹಾಕ್ರಿ. ಜಾಸ್ತಿ ಹಾಕ್ರಿ. ಗುಂಡಿ ಮಾತ್ರ ಆಳ ತೆಗೀರಿ" ಎಂದೆ.

"ಗಂಜಿಗೆ ಉಪ್ಪ್ ಹಾಕುಕ್ ಗುಂಡಿ ಎಂತಕ್ಕೆ ಡಾಕ್ಟ್ರಮ್ಮ?"

"ಗಂಜಿ ಯಾರಿಗ್ರಿ?"

"ನಾಯಿಗೆ!"

ಅಷ್ಟರಲ್ಲಿ ಹಿಂದಿನಿಂದ ನಾಯಿಯೇ ಬೊಗಳಿತು. ಅವರು ಫೋನಿಗೆ ಬಾಯಿ ಹಚ್ಚಿ ಕೂಗಿದರು: "ನಾಯಿ ಇತ್ತ್ ಡಾಕ್ಟ್ರಮ್ಮ, ಇತ್ತ್! ಸತ್ತಿದ್ರೆ ಇದ್ದಿತ್ ಅಂತಿದ್ದೆ!"

ಈ ಊರಲ್ಲಿ 'ಇತ್ತ್' ಅಂದರೆ 'ಇದೆ' ಎಂದು ನಾನು ಕಲಿತದ್ದು ಹೀಗೆ. ಆ ನಾಯಿ ಆಮೇಲೂ ಬಹಳ ಕಾಲ 'ಇತ್ತ್'. ಅಂಗಡಿಗೆ ಹೋದಾಗಲೆಲ್ಲ ಅವರು ಗಿರಾಕಿಗಳ ಮುಂದೆ ಈ ಕಥೆ ಹೇಳಿ ನನ್ನ ಮಾನ ಕಳೆಯುತ್ತಿದ್ದರು. ಒಂದು ಬೆಳಿಗ್ಗೆ ಅವರೇ ಫೋನು ಮಾಡಿದರು. "ಡಾಕ್ಟ್ರಮ್ಮ, ನಮ್ ನಾಯಿ ಇದ್ದಿತಲೆ..." ಅಷ್ಟಕ್ಕೇ ನಿಲ್ಲಿಸಿದರು. ನನಗೆ ಈ ಸಲ ಅರ್ಥವಾಗದೆ ಇರಲಿಲ್ಲ. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೇಳಿದರು:

"ಉಪ್ಪ್ ಎಷ್ಟ್ ಬೇಕಾತ್ತ್?"

ಕಲಿಕೆ

ಬಾರ್ಕೂರಿನ ಹತ್ತಿರ ಒಂದು ಮನೆ. ಅತ್ತೆ ಸೊಸೆ ಸೇರಿ ಒಂದೇ ಒಂದು ದನ ಸಾಕಿಕೊಂಡವರು. ಅದು ಚಂದದ ಹೆಣ್ಣುಗರು ಹಾಕಿತ್ತು. ಆದರೆ ಕರು ಸಗಣಿ ಹಾಕುತ್ತಿರಲಿಲ್ಲ. ಮಲಬದ್ಧತೆಯೆಂದು ಹರಳೆಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿ, ಅದಕ್ಕೂ ಬಗ್ಗದಾಗ ನನ್ನನ್ನು ಕರೆದರು. ಬಾಲ ಎತ್ತಿ ನೋಡಿದರೆ ಸಗಣಿ ಹೋಗುವ ದಾರಿಯೇ ಇರಲಿಲ್ಲ. ಕೆಲವು ಕರುಗಳು ಹುಟ್ಟುವುದೇ ಹಾಗೆ. ಮುಚ್ಚಿದ ಚರ್ಮವನ್ನು ಕೊಯ್ದು ದಾರಿ ಮಾಡಿಕೊಡಬೇಕು.

ಬಾಲದ ಬುಡಕ್ಕೆ ಮರಗಟ್ಟುವ ಸೂಜಿ ಕೊಟ್ಟು, ದನದ ಹಟ್ಟಿಯಲ್ಲೇ ಗೋಣಿ ಹಾಸಿ ಕೂತೆ. ಅಕ್ಕಪಕ್ಕದ ಮನೆಯವರೆಲ್ಲ ಬಂದು ನನ್ನ ಬೆನ್ನ ಹಿಂದೆ ನಿಂತರು. "ಸ್ವಲ್ಪ ದೂರ ನಿಲ್ಲಿ" ಅಂದೆ. ಯಾರೂ ಕೇಳಲಿಲ್ಲ. ಒಬ್ಬರು ಮೊಬೈಲು ಹಿಡಿದುಕೊಂಡು ನನ್ನ ಭುಜದ ಮೇಲೇ ಬಗ್ಗಿದ್ದರು. ಕೊಯ್ದೆ. ಅಷ್ಟು ದಿನ ತಡೆದು ನಿಂತದ್ದೆಲ್ಲ ಒಂದೇ ಸಲ ಹೊರಗೆ ಚಿಮ್ಮಿತು. ನನ್ನ ಕನ್ನಡಕ, ಮುಖ, ಹಿಂದಿನವರ ಮೊಬೈಲು, ಅಂಗಿ, ಯಾವುದನ್ನೂ ಬಿಡಲಿಲ್ಲ. ಮುಖ ಮುಚ್ಚಿಕೊಂಡ ನನಗೆ ಕೇಳಿಸಿದ್ದು ಚಪ್ಪಾಳೆ. ಸಗಣಿ ಬಿದ್ದದ್ದಕ್ಕೆ ಅಷ್ಟು ಖುಷಿಪಟ್ಟ ಜನರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕರು ಎದ್ದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಅತ್ತೆ ನನಗೆ ಬಿಸಿನೀರು, ಸೋಪು, ಸೊಸೆಯ ಒಂದು ಹೊಸ ನೈಟಿ ಎಲ್ಲ ಕೊಟ್ಟರು. ಆ ನೈಟಿಯಲ್ಲೇ ಜೀಪು ಹತ್ತಿ ಮನೆಗೆ ಬಂದೆ. ದಾರಿಯುದ್ದಕ್ಕೂ ನಗು.

ಮಾರನೆಯ ದಿನ ಸೊಸೆಯ ಫೋನು ಬಂತು. ಕರು ಮಲಗಿದ್ದು ಏಳುತ್ತಿಲ್ಲ. ಹೋಗಿ ನೋಡಿದರೆ ಹೊಟ್ಟೆ ಮತ್ತೆ ಉಬ್ಬಿತ್ತು, ಕಿವಿ ತಣ್ಣಗೆ. ತಡವಾಗಿತ್ತು. ನಂಜು ಒಳಗೆಲ್ಲ ಹರಡಿಬಿಟ್ಟಿತ್ತು. ಡ್ರಿಪ್ಪು ಹಾಕಿದೆ, ಸೂಜಿ ಕೊಟ್ಟೆ. ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡೇ ಅದು ಹೋಯಿತು. ದನ ಹಗ್ಗ ಜಗ್ಗಿ ಒಂದೇ ಸಮನೆ ಕೂಗುತ್ತಿತ್ತು. ನಾನು ಹಟ್ಟಿಯ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ಕರುಗಳನ್ನು ನೋಡಿದ ಮೇಲೂ ಅದೊಂದು ತಡೆಯಲಾಗಲಿಲ್ಲ.

ಅತ್ತೆ ಚಾ ತಂದು ಪಕ್ಕದಲ್ಲಿ ಕೂತರು. ಅವರ ಕಣ್ಣೂ ಒದ್ದೆಯೇ. ನನ್ನ ಬೆನ್ನು ಸವರುತ್ತಾ, "ಮರ್ಕಬ್ಯಾಡ ಮಗಾ" ಎಂದರು. ಅಳಬೇಡ ಎಂದು. ಸಣ್ಣ ಹುಡುಗಿಗೆ ಹೇಳುವಂತೆ ಮುಂದುವರಿಸಿದರು: "ಬಪ್ಪ ವರ್ಷ ದನ ಮತ್ತೊಂದ್ ಕರು ಹಾಕತ್ತ್. ಅಷ್ಟೊತ್ತಿಗೆ ನೀನೂ ಕಲ್ತಿರ್ತೆ."

ನಾನು ಆಗ ಕೆಲಸಕ್ಕೆ ಸೇರಿದ ಹೊಸಬಳೇನಲ್ಲ, ಕೂದಲು ನೆರೆಯುತ್ತಿತ್ತು. ಆದರೂ ತಲೆಯಾಡಿಸಿ "ಹೂಂ" ಅಂದೆ.

ಆಪರೇಷನ್ ಯಾರಿಗೆ?

ತಲ್ಲೂರಿನ ಕಡೆಯ ಒಬ್ಬ ಯುವಕ. ಹಾರ್ಡ್‌ವೇರ್ ಅಂಗಡಿ, ಕಬಡ್ಡಿ ಆಟ, ಬಾಗಿಲು ತುಂಬುವಂಥ ಭುಜ. ಅವನ ಗಂಡುನಾಯಿ ಊರಿನ ಹೆಣ್ಣುನಾಯಿಗಳನ್ನೆಲ್ಲ ಹುಡುಕಿಕೊಂಡು ಹೋಗಿ ಜಗಳ ತರುತ್ತಿತ್ತು. ಬೀಜ ತೆಗೆಸುವುದಕ್ಕೆ ನಮ್ಮಲ್ಲಿಗೆ ತಂದ.

"ನೀವು ಹೊರಗೆ ಕೂತಿರಿ" ಅಂದೆ.

"ಇಲ್ಲ ಡಾಕ್ಟ್ರಮ್ಮ, ನಾನ್ ಹಿಡ್ಕಂತೆ. ನಾನಿಲ್ದಿದ್ರೆ ಅದ್ ಹೆದ್ರತ್ತ್."

ನಾಯಿ ಆಗಲೇ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ನಾನು ಚಾಕು ಇಟ್ಟು ಒಂದು ಗೆರೆ ಎಳೆದೆ, ಅಷ್ಟೆ. ಸಾಮಾನಿನ ಟ್ರೇಯನ್ನೂ ಎಳೆದುಕೊಂಡು ಅವನು ಧಡಾರನೆ ಬಿದ್ದ. ನಮ್ಮ ಅಟೆಂಡರ್ ಮತ್ತೆ ಇಬ್ಬರು ಸೇರಿ ಕೈಕಾಲು ಹಿಡಿದು ಅವನನ್ನು ಜಗಲಿಗೆ ಹೊತ್ತು ತಂದರು. ಜಗಲಿಯಲ್ಲಿ ಆಡು, ಕೋಳಿ ಹಿಡಿದುಕೊಂಡು ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಹಿಂದಿನಿಂದ ನಾನು, ರಕ್ತದ ಗ್ಲೌಸು ಹಾಕಿಕೊಂಡೇ ಓಡಿ ಬಂದೆ.

ಆಡು ಹಿಡಿದಿದ್ದ ಅಜ್ಜ ಒಬ್ಬರು ಕೇಳಿದರು: "ಹ್ವಾಯ್, ಎಂತಾಯ್ತ್?"

ಅಟೆಂಡರ್ ಅವಸರದಲ್ಲಿದ್ದ. ಒಳಗಿನ ನಾಯಿಯ ಬಗ್ಗೆ ಕೇಳಿದರೆಂದು ತಿಳಿದು, "ಎಂತ ಇಲ್ಲ, ಬೀಜ ತೆಗುಕೆ ಬಂದದ್ದ್. ಮಂಪರ್ ಇಳಿದ್ರೆ ಮನೆಗ್ ಹೋಪುದೇ" ಎಂದು ಹೇಳಿ ಓಡಿದ.

ಸುದ್ದಿಗೆ ಬಸ್ಸು ಬೇಕಾಗಲಿಲ್ಲ. ಆ ಯುವಕನಿಗೆ ಬೈಂದೂರಿನ ಕಡೆ, ಉಪ್ಪುಂದದಲ್ಲಿ, ಹುಡುಗಿ ಗೊತ್ತಾಗಿತ್ತು. ದಿನ ಇಡುವುದೊಂದೇ ಬಾಕಿ. ಸುದ್ದಿ ಅಲ್ಲಿಗೂ ಮುಟ್ಟಿತು. ಅವನ ತಾಯಿ ಅಳುತ್ತಾ ನಮ್ಮ ಮನೆಗೆ ಬಂದರು. "ಡಾಕ್ಟ್ರಮ್ಮ, ಕೊಯ್ದವ್ರ್ ನೀವ್. ನೀವೇ ಬಂದ್ ಒಂದ್ ಮಾತ್ ಹೇಳ್ಕ್."

ಹೋದೆ. ಹುಡುಗಿಯ ಮನೆಯಲ್ಲಿ ಅವಲಕ್ಕಿ, ಶರಬತ್ತು. ಒಳಬಾಗಿಲಲ್ಲಿ ಹುಡುಗಿಯ ಸೀರೆಯ ಅಂಚು ಕಾಣುತ್ತಿತ್ತು. ಹುಡುಗಿಯ ಅಪ್ಪ ಎದುರು ಕೂತರು.

"ಆಪರೇಷನ್ ಮಾಡಿದ್ದು ನಾಯಿಗೆ," ಅಂದೆ. "ಹುಡುಗನಿಗೆ ನಾನು ಏನೂ ಮಾಡಿಲ್ಲ."

"ಹಾಂಗಾರೆ ಮಾಣಿನ್ ಹೊತ್ಕಂಡ್ ಬಂದದ್ದ್ ಸುಳ್ಳಾ?"

"ಅದು ಸುಳ್ಳಲ್ಲ."

"ಮತ್ತೆಂತಕ್ಕೆ ಹೊತ್ತದ್ದ್?"

"ತಲೆ ತಿರುಗಿ ಬಿದ್ದಿದ್ದರು."

"ಎಂತ ಕಂಡ್?"

ನಾನು ಹುಡುಗನ ತಾಯಿಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. "ನಾಯಿಗೆ ಕೊಯ್ದದ್ದು ನೋಡಿ," ಅಂದೆ.

ಕಿವಿ ಮಂದವಾದ ಅಜ್ಜಿಯೊಬ್ಬರು, "ಎಂತ ಅಂಬ್ರ್?" ಎಂದು ಕೇಳಿದರು. ಯಾರೋ ಕಿವಿಯಲ್ಲಿ ಕೂಗಿ ಹೇಳಿದರು. ಅಜ್ಜಿ "ಯಬ್ಯಾ!" ಎಂದು ಸೆರಗಿಗೆ ಬಾಯಿ ಒತ್ತಿಕೊಂಡು ನಗಲಿಕ್ಕೆ ಶುರು ಮಾಡಿದರು. ಒಳಗಿನಿಂದ ಹುಡುಗಿಯ ನಗುವೂ ಕೇಳಿಸಿತು. ಅಪ್ಪ ಮಾತ್ರ ನಗಲಿಲ್ಲ. "ಅಲ್ಲ ಡಾಕ್ಟ್ರಮ್ಮ, ನಾಯಿ ರಕ್ತ ಕಂಡ್ ಬಿದ್ದವ, ನಾಳೆ ಹೆಂಡ್ತಿ ಹೆರ್ಗಿಗೆ ಆಸ್ಪತ್ರೆಗ್ ಹೋದ್ರೆ ಯಾರನ್ ಎಡ್ಮಿಟ್ ಮಾಡುದ್? ಆಪರೇಷನ್ ಆಯಿದ್ದಿದ್ರೆ ಧೈರ್ಯಸ್ಥ ಅಂತಾದ್ರೂ ಹೇಳ್ಲಕ್ಕಿತ್ತ್."

ಜಾತಕ ಕೂಡಿಬರಲಿಲ್ಲ ಎಂದು ಆಮೇಲೆ ಹೇಳಿ ಕಳಿಸಿದರು. ಸುಳ್ಳನ್ನು ತೊಳೆಯಲು ಹೋದ ನಾನು ಸತ್ಯ ಹೇಳಿ ಮದುವೆ ಮುರಿದು ಬಂದಿದ್ದೆ.

ಈಗಲೂ ಅವನು ವರ್ಷಕ್ಕೊಮ್ಮೆ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಬರುತ್ತಾನೆ. ಒಳಗೆ ಮಾತ್ರ ಕಾಲಿಡುವುದಿಲ್ಲ, ಹೊರಗೆ ಮರದ ಬುಡದಲ್ಲೇ ನಿಲ್ಲುತ್ತಾನೆ. ಹೋದ ಸಲ ನಾನೇ ಹೊರಗೆ ಹೋಗಿ ಸೂಜಿ ಹಾಕಿದೆ. ನಾಯಿ ಮೈ ತುಂಬಿಕೊಂಡು ಸಾಧುವಾಗಿತ್ತು. ಎದುರಿಗೆ ಒಂದು ಹೆಣ್ಣುನಾಯಿ ಹಾದುಹೋದರೂ ತಲೆ ಎತ್ತಲಿಲ್ಲ.

"ಬೇರೆ ಕಡೆ ಹುಡುಗಿ ನೋಡಿದ್ರಾ?" ಎಂದು ಅಳುಕುತ್ತಲೇ ಕೇಳಿದೆ.

"ಇಲ್ಲ, ಬಿಟ್ಟೆ" ಎಂದ. ನನ್ನ ಮುಖ ಸಣ್ಣದಾದದ್ದನ್ನು ಕಂಡಿರಬೇಕು. ನಾಯಿಯ ತಲೆ ಸವರುತ್ತಾ, ನನಗೇ ಸಮಾಧಾನ ಹೇಳುವವನಂತೆ ಅಂದ:

"ಬೇಜಾರ್ ಮಾಡ್ಕಣ್ಬ್ಯಾಡಿ ಡಾಕ್ಟ್ರಮ್ಮ. ನಿಮ್ ಕೈಗುಣ ಒಳ್ಳೇದಿತ್ತ್. ಆಪರೇಷನ್ ಮಾಡಿದ್ದ್ ಇದೊಂದ್ಕೆ, ತಾಗಿದ್ದ್ ಇಬ್ರಿಗೂ!"